ಸಹಾಯ ಬೇಕು: ಕಾರ್ ಎಸಿ ಓ-ರಿಂಗಿಗೆ ಯಾವ ಎಣ್ಣೆ?

ಪುಣೆ ಕನ್ನಡಿಗರಿಗೆ ನಮಸ್ಕಾರ. ಚಿಂಚವಾಡದಲ್ಲಿದ್ದೇನೆ. ಕಾರಿನ ಎಸಿ ಕಂಡೆನ್ಸರ್ ಬದಲಾಯಿಸಬೇಕು. ಗ್ಯಾಸ್ ಆರ್-134ಎ, ಕಂಪ್ರೆಸರ್ ಲೇಬಲ್ ಮೇಲೆ ಪಿಎಜಿ 46 (ಎಸಿ ಒಳಗೆ ಓಡೋ ಸಿಂಥೆಟಿಕ್ ಎಣ್ಣೆ) ಅಂತ ಇದೆ. ಪೈಪ್ ಜಾಯಿಂಟ್ ಸೋರದಂತೆ ಕೂರಿಸೋ ಹಸಿರು ಬಣ್ಣದ ರಬ್ಬರಿನ ಎಚ್‌ಎನ್‌ಬಿಆರ್ ಓ-ರಿಂಗ್‌ಗಳನ್ನು ನಾನಾ ಪೇಠ್‌ನಿಂದ ತಂದಿಟ್ಟಿದ್ದೇನೆ.

ಮೆಕ್ಯಾನಿಕ್ ದಾದಾ ಕೈಗೆ ಸಿಕ್ಕ ಗ್ರೀಸ್ ಸವರಿದರೆ ಸಾಕು ಅಂತಾರೆ. ನನಗ್ಯಾಕೋ ಮನಸ್ಸಿಲ್ಲ. ಪಿಎಜಿ ಸವರೋಣ ಅಂದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ಅಲ್ಯೂಮಿನಿಯಂ ಥ್ರೆಡ್ ಮೇಲೆ ಉಳಿದರೆ ತುಕ್ಕು ಕಚ್ಚಿ ಮುಂದೆ ನಟ್ ಬಿಚ್ಚೋದೇ ಕಷ್ಟ, ಅಲ್ವಾ? ಇಲ್ಲಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಅದಕ್ಕೇ ಓ-ರಿಂಗಿಗೆ ಮಾತ್ರ ಒಂದು ಹನಿ ಮಿನರಲ್ ಎಣ್ಣೆ, ಒಳಗೆ ಪಿಎಜಿಯೇ ಅಂದುಕೊಂಡಿದ್ದೇನೆ.

ಹೀಗೆ ಮಾಡಿದವರು ಇದ್ದೀರಾ? ಎಸಿಗೆ ಹಾಕೋ ಮಿನರಲ್ ಎಣ್ಣೆಯ ಸಣ್ಣ ಬಾಟಲಿ ಪುಣೆಯಲ್ಲಿ ಎಲ್ಲಿ ಸಿಗುತ್ತೆ? ದೊಡ್ಡ ಡಬ್ಬ ತಗೊಂಡು ಸುಮ್ನೆ ಏನು ಮಾಡಲಿ!