ಮಳೆಗಾಲದ ರಾತ್ರಿಗೆ ಹಳೇ ಕಪ್ಪು-ಬಿಳುಪು ಸಸ್ಪೆನ್ಸ್ ಪಿಕ್ಚರ್: ಮನೇಲಿ ಸರಿಯಾಗಿ ನೋಡೋದು ಹೇಗೆ, ಯಾವುದ್ರಿಂದ ಶುರು ಮಾಡ್ಲಿ?

ಕಕ್ಕಬ್ಬೆ ಮಳೆ:

ಎಲ್ರಿಗೂ ನಮಸ್ಕಾರ, ಪ್ರಶ್ನೆ ಸ್ವಲ್ಪ ಉದ್ದ ಇದೆ. ನಮ್ದು ಕೊಡಗಿನ ಕಕ್ಕಬ್ಬೆ ಹತ್ರ, ಜೂನಲ್ಲಿ ಮಳೆ ಹಿಡಿದ್ರೆ ಸೆಪ್ಟೆಂಬರ್ ತನಕ ಸಂಜೆ ಆದ್ಮೇಲೆ ಹೊರಗೆ ಕಾಲಿಡೋ ಹಾಗಿಲ್ಲ, ಏಳು ಗಂಟೆಗೆ ಬಾಗಿಲು ಹಾಕಿದ್ರೆ ಮುಗೀತು. ಈ ಸಲ ಮಳೆಗಾಲ ಪೂರ್ತಿ ಹಳೇ ಕಪ್ಪು-ಬಿಳುಪು ಸಸ್ಪೆನ್ಸ್ ಪಿಕ್ಚರ್‌ಗಳನ್ನ ಮನೆಯವರೆಲ್ಲ ಒಟ್ಟಿಗೆ ಕೂತು ನೋಡ್ಬೇಕು ಅಂತ ನನಗೆ ತುಂಬ ಆಸೆ. ಅತ್ತೆಗಂತೂ ಅದಂದ್ರೆ ಪ್ರಾಣ, ರಾಜ್‌ಕುಮಾರ್ ಸಿಐಡಿ 999 ಆಗಿ ಬಂದ 'ಜೇಡರ ಬಲೆ' (1968) ಕಥೆನ ಈಗ್ಲೂ ಸೀನ್ ಸೀನ್ ಬಿಡಿಸಿ ಹೇಳ್ತಾರೆ.

ಆದ್ರೆ ನೋಡೋಕೆ ಕೂತ್ರೆ ಸರಿ ಬರ್ತಿಲ್ಲ. ಟಿವಿ ಹೊಸದು, 43 ಇಂಚು, ಆದ್ರೂ ಹಳೇ ಪಿಕ್ಚರ್ ಹಾಕಿದ್ರೆ ಕಪ್ಪು ಅನ್ನೋದು ಕಪ್ಪಾಗೇ ಕಾಣಲ್ಲ, ಬೂದಿ ಬಣ್ಣ, ಅದ್ರ ಮೇಲೆ ಒಂಥರ ನೀಲಿ, ಮುಖಗಳೆಲ್ಲ ಗೆರೆನೇ ಇಲ್ದೆ ನುಣ್ಣಗೆ. ಹಾಲ್ ಮೇಲೆ ಶೀಟ್ ಹಾಕಿದೀವಿ, ಮಳೆ ಜೋರಾದ್ರೆ ಡೈಲಾಗ್ ಒಂದೂ ಕೇಳಲ್ಲ, ವಾಲ್ಯೂಮ್ ಏರಿಸಿದ್ರೆ ಮ್ಯೂಸಿಕ್ ಬಂದಾಗ ಕಿವಿಗೆ ಬಡಿಯುತ್ತೆ. ಇನ್ನು ಮಗ, ಏಳನೇ ಕ್ಲಾಸು, "ಕಲರ್ ಇಲ್ವಾ?" ಅಂತ ಐದು ನಿಮಿಷಕ್ಕೇ ಎದ್ದು ಹೋಗ್ತಾನೆ. ಅವನೂ ಕೂರ್ಬೇಕು, ಅತ್ತೆಗೂ ಅರ್ಥ ಆಗ್ಬೇಕು (ಅವರಿಗೆ ಕನ್ನಡ, ತಮಿಳು ಚೆನ್ನಾಗಿ ಬರುತ್ತೆ, ಹಿಂದಿ ಸುಮಾರು, ಇಂಗ್ಲಿಷ್ ಬರಲ್ಲ). ಗೊತ್ತಿರೋರು ದಯವಿಟ್ಟು ಹೇಳಿ.

ಗೋಣಿಕೊಪ್ಪ ಆಂಟೆನಾ:

ಅಕ್ಕಾ, ಟಿವಿಗೆ ಏನೂ ಆಗಿಲ್ಲ. ಅಂಗಡಿಯ ಝಗಮಗ ಬೆಳಕಲ್ಲಿ ಎದ್ದು ಕಾಣ್ಲಿ ಅಂತ ಕಂಪನಿಯವರು ಇಟ್ಟ ಸೆಟ್ಟಿಂಗ್ ಹಾಗೇ ಮನೆಗೆ ಬಂದಿದೆ ಅಷ್ಟೇ. ಪಿಕ್ಚರ್ ಮೋಡ್ 'ವಿವಿಡ್' ಇರುತ್ತೆ ನೋಡಿ, ಅದನ್ನ 'ಸಿನಿಮಾ'ಗೆ ಹಾಕಿ, 'ಫಿಲ್ಮ್‌ಮೇಕರ್' ಅಂತ ಇದ್ರೆ ಇನ್ನೂ ಒಳ್ಳೇದು. ಕಲರ್ ಟೆಂಪರೇಚರ್ 'ವಾರ್ಮ್' ಮಾಡಿ, ನೀಲಿ ಹೋಗೋದು ಇದ್ರಿಂದ್ಲೇ, ಮೊದಮೊದಲು ಹಳದಿ ಅನ್ಸುತ್ತೆ, ಸ್ವಲ್ಪ ಹೊತ್ತಿಗೆ ಕಣ್ಣು ಒಗ್ಗುತ್ತೆ. ಮುಖ ನುಣ್ಣಗಾಗೋದು ನಾಯ್ಸ್ ರಿಡಕ್ಷನ್‌ನಿಂದ, ಹಳೇ ಫಿಲ್ಮ್‌ನಲ್ಲಿ ಸಹಜವಾಗಿ ಇರೋ ಗ್ರೇನ್‌ನ (ಸಣ್ಣ ಸಣ್ಣ ಚುಕ್ಕೆಗಳನ್ನ) ಟಿವಿ ಕೊಳೆ ಅಂದ್ಕೊಂಡು ಒರೆಸಿ ಹಾಕುತ್ತೆ, ಗ್ರೇನ್ ಜೊತೆ ಮುಖದ ಗೆರೆನೂ ಹೋಗುತ್ತೆ, ಅದನ್ನ ಪೂರ್ತಿ ಆಫ್ ಮಾಡಿ. ಮೋಷನ್ ಸ್ಮೂತಿಂಗ್ ಕೂಡ ಆಫ್. ಪಿಕ್ಚರ್ ತೆಗೆದಿರೋದು ಸೆಕೆಂಡಿಗೆ 24 ಫ್ರೇಮ್, ಟಿವಿ ಮಧ್ಯೆ ಮಧ್ಯೆ ತನ್ನದೇ ಫ್ರೇಮ್ ಹುಟ್ಟಿಸಿ ಸೇರಿಸಿದಾಗ ಎಲ್ಲಾ ಸೀರಿಯಲ್ ಹಾಗೆ ಜಾರ್ತಾ ಕಾಣುತ್ತೆ, ಭಯ ಅಲ್ಲೇ ಸತ್ತೋಯ್ತು.

ಇನ್ನೊಂದು, ಆಗಿನ ಹೆಚ್ಚಿನ ಪಿಕ್ಚರ್‌ಗಳು ಚೌಕಕ್ಕೆ ಹತ್ರ, ಅವಕ್ಕೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರ್ಲೇಬೇಕು. ಸ್ಕ್ರೀನ್ ತುಂಬ್ಲಿ ಅಂತ ಎಳೆದ್ರೆ ಎಲ್ರೂ ದಪ್ಪ ಆಗ್ತಾರೆ, ಝೂಮ್ ಮಾಡಿದ್ರೆ ತಲೆ ಕತ್ತರಿಸಿ ಹೋಗುತ್ತೆ.

ಕಪ್ಪು ಬೂದಿ ಆಗೋದಕ್ಕೆ ಮದ್ದು ಬ್ಯಾಕ್‌ಲೈಟ್ (ಸ್ಕ್ರೀನ್ ಹಿಂದಿನ ಬೆಳಕು) ಇಳಿಸೋದು, ಜೊತೆಗೆ ಹಾಲ್‌ನ ಟ್ಯೂಬ್‌ಲೈಟ್ ಆರಿಸೋದು. ಪೂರ್ತಿ ಕತ್ತಲೆ ಬೇಡ ಅಂದ್ರೆ ಟಿವಿ ಹಿಂದೆ ಗೋಡೆ ಕಡೆ ಒಂದು ಸಣ್ಣ ಬಲ್ಬ್ ಇಡಿ, ಆಗ ಸ್ಕ್ರೀನ್‌ನ ಕಪ್ಪು ಇನ್ನೂ ಗಾಢವಾಗಿ ಕಾಣುತ್ತೆ, ಕಣ್ಣಿಗೂ ಹಿತ. ಇಷ್ಟು ಮಾಡಿ 'ದಿ ಥರ್ಡ್ ಮ್ಯಾನ್' (1949) ಹತ್ತು ನಿಮಿಷ ಹಾಕಿ ನೋಡಿ. ಯುದ್ಧ ಮುಗಿದ ವಿಯೆನ್ನಾ, ರಾತ್ರಿ ಬೀದಿಗಳಿಗೆ ನೀರು ಹಾಯಿಸಿ ಕಲ್ಲು ಮಿನುಗೋ ಹಾಗೆ ಮಾಡಿ ತೆಗೆದಿದ್ದು, ಕ್ಯಾಮೆರಾಮನ್ ರಾಬರ್ಟ್ ಕ್ರಾಸ್ಕರ್‌ಗೆ ಅದಕ್ಕೇ ಆಸ್ಕರ್ ಬಂತು. ಆ ಒದ್ದೆ ಕಲ್ಲು ಹೊಳೀತಾ ಪಕ್ಕದ ಗೋಡೆ ನೆರಳು ಕಪ್ಪಗೇ ಉಳಿದಿದ್ರೆ ನಿಮ್ಮ ಸೆಟ್ಟಿಂಗ್ ಸರಿಯಾಗಿದೆ ಅಂತ. ಈ ಪಿಕ್ಚರ್‌ಗಳಲ್ಲಿ ಅರ್ಧ ಕಥೆ ನೆರಳಲ್ಲೇ ಇರೋದು ಅಕ್ಕಾ, ನೆರಳು ಬೂದಿ ಆದ್ರೆ ಹುಡುಗ ಎದ್ದು ಹೋಗೋದ್ರಲ್ಲಿ ಅವನ ತಪ್ಪೇನೂ ಇಲ್ಲ.

ಸಂಪಾಜೆಯವ:

ಶೀಟ್‌ನ ಕಥೆ ನಮ್ಮಲ್ಲೂ ಉಂಟು. ವಾಲ್ಯೂಮ್ ಏರಿಸಿ ಮಳೆ ಜೊತೆ ಜಗಳ ಮಾಡ್ಬೇಡಿ ಮಾರಾಯ್ರೆ, ಸ್ಪೀಕರನ್ನೇ ಹತ್ರ ತನ್ನಿ. ಈಗಿನ ಟಿವಿಗಳಲ್ಲಿ ಸ್ಪೀಕರ್ ಕೆಳಗೋ ಹಿಂದೆಯೋ ತಿರುಗಿರ್ತದೆ, ಸೌಂಡ್ ಗೋಡೆಗೆ ಹೊಡ್ದು ಬರುವಷ್ಟರಲ್ಲಿ ಮಳೆ ನುಂಗಿ ಆಗಿರ್ತದೆ. ಒಂದು ಸಣ್ಣ ಸ್ಪೀಕರ್‌ಗೆ ಉದ್ದ ವಯರ್ ಎಳ್ದು ನೀವು ಕೂರುವ ಜಾಗದ ಪಕ್ಕ ಸ್ಟೂಲ್ ಮೇಲೆ ಇಡಿ. ಬ್ಲೂಟೂತ್‌ಗಿಂತ ವಯರೇ ವಾಸಿ, ಬ್ಲೂಟೂತ್‌ನಲ್ಲಿ ಕೆಲವೊಮ್ಮೆ ತುಟಿ ಒಂದು ಕಡೆ ಮಾತು ಒಂದು ಕಡೆ ಆಗ್ತದೆ. ಹಳೇ ಪಿಕ್ಚರ್ ಹೆಚ್ಚಿನವು ಮೋನೋ, ಅಂದ್ರೆ ಸೌಂಡೆಲ್ಲ ಒಂದೇ ಟ್ರ್ಯಾಕಲ್ಲಿ, ಒಂದೇ ಸ್ಪೀಕರ್ ಇದ್ರೂ ಏನೂ ಕಳ್ಕೊಳ್ಳುವುದಿಲ್ಲ. ಟಿವಿಯ ಸರೌಂಡ್ ಆಫ್ ಮಾಡಿ, 'ಕ್ಲಿಯರ್ ವಾಯ್ಸ್' ಇದ್ರೆ ಆನ್ ಮಾಡಿ. 'ನೈಟ್ ಮೋಡ್' ಅಂತ ಉಂಟಾ ನೋಡಿ, ಅದು ಜೋರು ಸೌಂಡನ್ನ ತಗ್ಗಿಸಿ ಪಿಸುಮಾತನ್ನ ಮೇಲೆ ತರ್ತದೆ, ನಿಮ್ಮ ಮ್ಯೂಸಿಕ್ ಬಡಿಯುವ ತೊಂದರೆಗೆ ಅದೇ ಬೇಕಾದ್ದು.

ಮತ್ತೆ ಕರೆಂಟು. ಮರ ಬಿದ್ರೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಹಾಗಾಗಿ ನೆಟ್ ಚೆನ್ನಾಗಿರುವ ದಿನವೇ ನಾಲ್ಕೈದು ಪಿಕ್ಚರ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಡಿ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಮಾತ್ರ ಹಕ್ಕು ಇರುವುದು, ಅಂದ್ರೆ 1964ರವರೆಗಿನ ಪಿಕ್ಚರ್‌ಗಳದ್ದು ಇಲ್ಲಿ ಮುಗ್ದಿದೆ. 43 ಇಂಚಿನ ಎಲ್‌ಇಡಿ ಟಿವಿ ಸಾಮಾನ್ಯ ನೂರು ವ್ಯಾಟ್ ಒಳಗೇ ತಿನ್ನುವುದು, ಬ್ಯಾಕ್‌ಲೈಟ್ ಇಳಿಸಿದ್ರೆ ಇನ್ನೂ ಕಮ್ಮಿ, ಬ್ಯಾಟರಿ ಸರಿ ಇರುವ ಇನ್ವರ್ಟರ್‌ನಲ್ಲಿ ಒಂದು ಪಿಕ್ಚರ್ ಆರಾಮಾಗಿ ಆಗ್ತದೆ. ಡಿವಿಡಿ ಇದ್ರೆ ಬೂಷ್ಟು ಹಿಡಿಯದ ಹಾಗೆ ಬಲ್ಬ್ ಉರಿಸಿಡುವ ಕಪಾಟಲ್ಲಿ ಬಟ್ಟೆ ಜೊತೆ ಇಡಿ.

ಸೋಮವಾರಪೇಟೆ 94:

ಮಗನಿಗೋಸ್ಕರ ಕಲರ್ ಮಾಡಿರೋ ವರ್ಷನ್ ಹಾಕ್ಬೋದಲ್ವಾ? ಈಗ ಎಷ್ಟೋ ಹಳೇ ಪಿಕ್ಚರ್‌ಗೆ ಕಂಪ್ಯೂಟರಲ್ಲಿ ಬಣ್ಣ ಹಾಕಿ ಬಿಟ್ಟಿದಾರೆ. ಅದ್ರಿಂದ ಶುರು ಮಾಡಿದ್ರೆ ಆಮೇಲೆ ಅಭ್ಯಾಸ ಆಗ್ಬೋದು.

ಗೋಣಿಕೊಪ್ಪ ಆಂಟೆನಾ:

ಬೇಡ ಬ್ರದರ್, ಇದೊಂದು ವಿಷಯದಲ್ಲಿ ನಾನು ಒಪ್ಪಲ್ಲ. ಅವರು ಸೀರೆ, ಗೋಡೆ, ಮೇಕಪ್ ಎಲ್ಲಾ ಆರಿಸಿದ್ದೇ ಬೂದಿಯ ಯಾವ ಛಾಯೆಯಾಗಿ ಬೀಳುತ್ತೆ ಅಂತ ನೋಡಿ. 'ಸೈಕೋ' (1960) ಬಾತ್‌ರೂಮ್ ಸೀನಲ್ಲಿ ರಕ್ತ ಅಂತ ಬಳಸಿದ್ದು ಚಾಕೊಲೇಟ್ ಸಿರಪ್, ಯಾಕಂದ್ರೆ ಅಲ್ಲಿ ಬೇಕಾಗಿದ್ದು ಕೆಂಪಲ್ಲ, ಬಿಳಿ ಟಬ್ ಮೇಲೆ ಸರಿಯಾದ ಕಪ್ಪು. ಅದು ಬರೋ ಹೊತ್ತಿಗೆ ಅದರ ನಿರ್ದೇಶಕ ಹಿಚ್‌ಕಾಕ್ ಎಷ್ಟೋ ಕಲರ್ ಪಿಕ್ಚರ್ ಮಾಡಿಯಾಗಿತ್ತು, ಬೇಕೂಂತ್ಲೇ ಕಪ್ಪು-ಬಿಳುಪಿಗೆ ವಾಪಸ್ ಹೋದ. ಅಂಥದ್ದಕ್ಕೆ ನಾವು ಈಗ ಬಣ್ಣ ಬಳಿದ್ರೆ ಬೆಳಕೇ ಸಾಯುತ್ತೆ. (ಅಕ್ಕಾ, 'ಸೈಕೋ' ಮಗನಿಗೆ ಈಗ್ಲೇ ಬೇಡ.)

ವಿರಾಜಪೇಟೆ ಟಾಕೀಸ್:

ಟಿವಿ ವಿಷಯ ಮುಗೀತು, ನಾನು ಪಿಕ್ಚರ್ ಹೇಳ್ತೀನಿ. ಅತ್ತೆಗೆ ತಮಿಳು ಬರುತ್ತೆ ಅಂದ್ರಲ್ಲ, ಕಣ್ಣು ಮುಚ್ಕೊಂಡು 'ಅಂದ ನಾಳ್' (1954) ಹಾಕಿ. ಎಸ್. ಬಾಲಚಂದರ್ ನಿರ್ದೇಶನ, ಒಂದು ಹಾಡಿಲ್ಲ, ಡ್ಯಾನ್ಸ್ ಇಲ್ಲ, ಫೈಟ್ ಇಲ್ಲ, ಆ ಕಾಲದಲ್ಲಿ ಅದು ಎಂಥ ಧೈರ್ಯ ಯೋಚಿಸಿ. ಯುದ್ಧದ ಸಮಯದ ಮದ್ರಾಸು, ಒಬ್ಬ ರೇಡಿಯೋ ಇಂಜಿನಿಯರ್ ಗುಂಡೇಟು ತಿಂದು ಸಾಯೋದ್ರಿಂದ ಶುರು, ಆಮೇಲೆ ಒಬ್ಬೊಬ್ಬರು ಹೇಳೋ ಕಥೆ ಒಂದೊಂದು ತರ. ಸತ್ತವನ ಪಾತ್ರ ಶಿವಾಜಿ ಗಣೇಶನ್, ಹೆಂಡತಿ ನಮ್ಮ ಪಂಡರಿಬಾಯಿ! ಅದೇ 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, ಇಲ್ಲಿ ಈ ಪಾತ್ರ. ಅಮ್ಮನ ಪಾತ್ರಗಳಲ್ಲಿ ಮಾತ್ರ ಅವರನ್ನ ನೋಡಿದವರು ಇದನ್ನ ನೋಡ್ಲೇಬೇಕು.

ಮಗನಿಗೆ 'ದಿ ಲೇಡಿ ವ್ಯಾನಿಷಸ್' (1938), ಹಿಚ್‌ಕಾಕ್ ಇಂಗ್ಲೆಂಡಲ್ಲಿದ್ದಾಗ ಮಾಡಿದ್ದು, ಒಂದೂವರೆ ಗಂಟೆ ಚಿಲ್ಲರೆ ಅಷ್ಟೇ. ಹಿಮ ಕುಸಿದು ರೈಲು ನಿಂತು ಪ್ರಯಾಣಿಕರೆಲ್ಲ ಒಂದು ಹೋಟೆಲಲ್ಲಿ ಸಿಕ್ಕಿಹಾಕ್ಕೋತಾರೆ (ಗುಡ್ಡ ಜರಿದು ರೋಡ್ ಬಂದ್ ಆಗೋದು ನಮಗೇನು ಹೊಸದಾ), ಮಾರನೇ ದಿನ ಓಡ್ತಿರೋ ರೈಲಲ್ಲಿ ಒಬ್ಬ ಅಜ್ಜಿ ಮಾಯ, ಕೇಳಿದ್ರೆ ಅಂಥ ಅಜ್ಜಿ ಇರ್ಲೇ ಇಲ್ಲ ಅಂತ ಎಲ್ರೂ ಹೇಳ್ತಾರೆ. ಶುರುವಲ್ಲಿ ನಿಧಾನ, ಹೋಟೆಲ್ ಸೀನ್‌ಗಳಲ್ಲಿ ತಮಾಷೆನೇ ಜಾಸ್ತಿ, ಆದ್ರೆ ರೈಲು ಹೊರಟ ಮೇಲೆ ಹುಡುಗ ಏಳಲ್ಲ. ಅತ್ತೆಗೆ ಇಂಗ್ಲಿಷ್ ಬರಲ್ಲ ಅಲ್ವಾ, ಸಬ್‌ಟೈಟಲ್ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳೋ ಕೆಲಸ ಅವನಿಗೇ ಕೊಡಿ. ಹೇಳ್ಬೇಕು ಅಂದ್ರೆ ನೋಡ್ಲೇಬೇಕು.

ಸಸ್ಪೆನ್ಸ್ ಅಂದ್ರೆ ಕೊನೇಲಿ ಕೊಲೆಗಾರ ಯಾರು ಅಂತ ಗೊತ್ತಾಗೋದಷ್ಟೇ ಅಲ್ಲ ಅಂತ ಅವನಿಗೆ ಹೇಳಿಕೊಡಿ. ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋಗೆ ಕೊಟ್ಟ ಸಂದರ್ಶನದಲ್ಲಿ ಇದನ್ನ ಚೆನ್ನಾಗಿ ಬಿಡಿಸಿದಾನೆ. ಮೇಜಿನ ಕೆಳಗೆ ಬಾಂಬ್ ಇದೆ, ಅದು ಯಾರಿಗೂ ಗೊತ್ತಿಲ್ದೆ ಸಿಡಿದ್ರೆ ನೋಡೋರಿಗೆ ಹದಿನೈದು ಸೆಕೆಂಡಿನ ಬೆಚ್ಚು. ಬಾಂಬ್ ಇರೋದು ನೋಡೋರಿಗೆ ಮೊದಲೇ ಗೊತ್ತು, ಕೂತು ಹರಟೋರಿಗೆ ಗೊತ್ತಿಲ್ಲ ಅಂದ್ರೆ ಹದಿನೈದು ನಿಮಿಷ ಉಸಿರು ಹಿಡಿಯೋ ಕೆಲಸ. ಇದು ತಲೆಗೆ ಹೋದ್ರೆ ನಿಧಾನದ ಪಿಕ್ಚರ್ ಬೋರ್ ಅನ್ಸೋದೇ ಇಲ್ಲ.

ಹಿಂದೀಲಿ 'ವೋ ಕೌನ್ ಥೀ' (1964) ಮಳೆ ರಾತ್ರಿಗೇ ಹೇಳಿ ಮಾಡಿಸಿದ್ದು, ಸುರಿಯೋ ಮಳೇಲಿ ಕಾರು, ರೋಡಲ್ಲಿ ಬಿಳಿ ಸೀರೆ ಉಟ್ಟ ಸಾಧನಾ, ಜೊತೆಗೆ ಮದನ್ ಮೋಹನ್ ಹಾಡುಗಳು. ಬಿ. ಆರ್. ಚೋಪ್ರಾ ಅವರ 'ಕಾನೂನ್' (1960) ಹಾಡಿಲ್ಲದ ಕೋರ್ಟ್ ಕಥೆ, ನನ್ನ ಲೆಕ್ಕದಲ್ಲಿ ಇನ್ನೂ ಗಟ್ಟಿ. ಮಲಯಾಳಂ ತಿಳಿಯೋರಿದ್ರೆ 'ಭಾರ್ಗವಿ ನಿಲಯಂ' (1964) ಬಿಡ್ಬೇಡಿ, ಕಥೆ ಮಲಯಾಳಂ ಲೇಖಕ ವೈಕಂ ಮುಹಮ್ಮದ್ ಬಷೀರ್ ಅವರದ್ದು. ಫ್ರೆಂಚ್ 'ಲೇ ಡಿಯಾಬೊಲಿಕ್' (1955) ದೊಡ್ಡೋರಿಗೆ ಮಾತ್ರ, ಅದರ ಕೊನೇಲಿ ನೋಡದವರಿಗೆ ಕಥೆ ಹೇಳ್ಬೇಡಿ ಅಂತ ತೆರೆ ಮೇಲೇ ಬರುತ್ತೆ, ಆದ್ದರಿಂದ ಇಲ್ಲೂ ಯಾರೂ ಹೇಳ್ಬೇಡಿ.

ಕಕ್ಕಬ್ಬೆ ಮಳೆ:

ಎಲ್ರಿಗೂ ತುಂಬ ಥ್ಯಾಂಕ್ಸ್. ವಾರ್ಮ್ ಮಾಡಿ ನಾಯ್ಸ್ ರಿಡಕ್ಷನ್ ತೆಗೆದ ತಕ್ಷಣ ಬೇರೆ ಟಿವಿ ತಂದ ಹಾಗಾಯ್ತು. ಸ್ಪೀಕರ್ ಅತ್ತೆ ಕುರ್ಚಿ ಪಕ್ಕ ಇಟ್ವಿ. 'ಅಂದ ನಾಳ್' ನೋಡಿದ್ವಿ, ಪಂಡರಿಬಾಯಿ ಬಂದಾಗ್ಲೆಲ್ಲ ಅತ್ತೆ ಮುಂದಕ್ಕೆ ಬಾಗಿ ಕೂತಿದ್ರು, ಮಗ ಅರ್ಧದಲ್ಲಿ ಬಂದು ಸೇರ್ಕೊಂಡು ಕೊಲೆ ಮಾಡಿದ್ದು ಯಾರು ಅಂತ ಅಜ್ಜಿ ಹತ್ರ ವಾದ ಮಾಡಿದ. ಶನಿವಾರ ರೈಲಿನ ಪಿಕ್ಚರ್, ಅದಾದ್ಮೇಲೆ 'ಕಾನೂನ್' ಅಂದ್ಕೊಂಡಿದೀವಿ. ಅದು ಮಗನಿಗೆ ಪರವಾಗಿಲ್ವಾ?

ವಿರಾಜಪೇಟೆ ಟಾಕೀಸ್:

ಧಾರಾಳವಾಗಿ ತೋರಿಸಿ, ರಕ್ತಪಾತ ತೋರಿಸಿ ಹೆದರಿಸೋ ಪಿಕ್ಚರ್ ಅಲ್ಲ ಅದು, ತಲೆಗೇ ಕೆಲಸ ಜಾಸ್ತಿ. ಊಟ ಮಾತ್ರ ಮುಂಚೆನೇ ಮುಗಿಸಿ ಕೂತ್ಕೊಳ್ಳಿ, ಶುರುವಿನ ಕೋರ್ಟ್ ಸೀನ್ ತಪ್ಪಿಹೋದ್ರೆ ಮುಂದಿನ ವಾದದ ತೂಕ ಗೊತ್ತಾಗಲ್ಲ.