ಡೈನರ್‌ನಲ್ಲಿ ಹೆಲ್ದಿ ತಿಂಡಿ ತಿಂದ ದಿನವೇ ಬೇಗ ಹಸಿವಾಗುತ್ತದೆ, ಯಾಕೆ?

ಶನಿವಾರದ_ತಿಂಡಿ

ಅಮೆರಿಕದಲ್ಲಿ ಇರುವವರು ಸ್ವಲ್ಪ ಹೇಳಿ. ಶನಿವಾರ ಮಕ್ಕಳ ಈಜು ಕ್ಲಾಸ್ ಮುಗಿದ ಮೇಲೆ ಪಕ್ಕದ ಡೈನರ್‌ಗೆ ಹೋಗುವುದು ನಮ್ಮ ಮನೆಯ ರೂಢಿ. ಎಲ್ಲ ಊರಲ್ಲೂ ಇರುವ ಚೈನ್, ಹೆಸರು ಬೇಡ. ಮೂರು ವರ್ಷದಿಂದ ನನ್ನದು ಒಂದೇ ಆರ್ಡರ್: ಮೂರು ಪ್ಯಾನ್‌ಕೇಕ್, ಎರಡು ಮೊಟ್ಟೆ, ಹ್ಯಾಶ್ ಬ್ರೌನ್ (ತುರಿದು ಹುರಿದ ಆಲೂಗಡ್ಡೆ). ಹೋದ ತಿಂಗಳು ರಕ್ತ ಪರೀಕ್ಷೆಯಲ್ಲಿ ಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) 5.8 ಬಂತು, ಡಾಕ್ಟರು "ಗಡಿ ದಾಟಿದ್ದೀರಿ, ತಿಂಡಿ ನೋಡಿಕೊಳ್ಳಿ" ಅಂದರು. ಡೈನರ್ ಬಿಡೋಣ ಅಂದರೆ ಮಕ್ಕಳು ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಮನಸ್ಸಿಲ್ಲ.

ಸರಿ ಅಂತ ಮೆನುವಿನಲ್ಲಿ ಹಸಿರು ಎಲೆಯ ಗುರುತು ಹಾಕಿರುವ ಪುಟಕ್ಕೆ ಹೋದೆ. ಮೊದಲ ವಾರ ಎಗ್ ವೈಟ್ ಆಮ್ಲೆಟ್. ಬಿಳಿ ಸ್ಪಂಜಿನ ಹಾಗೆ ಬಂತು, ಒಳಗಿನ ಪಾಲಕ್ ನೀರು ಬಿಟ್ಟು ತಟ್ಟೆಯೆಲ್ಲ ಹಸಿರು, ಪಕ್ಕದ ಬಟ್ಟಲಲ್ಲಿ ನಾಲ್ಕು ಚೂರು ಕರಬೂಜ, ಎರಡು ದ್ರಾಕ್ಷಿ. ಹನ್ನೊಂದಕ್ಕೆಲ್ಲ ಮನೆಯಲ್ಲಿ ಬಿಸ್ಕತ್ ಡಬ್ಬಕ್ಕೆ ಕೈ ಹಾಕಿದ್ದೆ. ಎರಡನೇ ವಾರ ಓಟ್‌ಮೀಲ್ ಹೇಳಿದೆ, ಜೊತೆಗೆ ಕೊಟ್ಟ ಕಂದು ಸಕ್ಕರೆಯನ್ನು ಮಾತಾಡುತ್ತಾ ಮಾತಾಡುತ್ತಾ ಪೂರ್ತಿ ಸುರಿದುಕೊಂಡೆ, ಅದು ನನ್ನ ತಪ್ಪು ಬಿಡಿ. ಮೂರನೇ ವಾರ ತರಕಾರಿ ಆಮ್ಲೆಟ್ ಹೇಳೋಣ ಅಂತ ನೋಡಿದರೆ ಅದರ ಕ್ಯಾಲರಿ ನನ್ನ ಹಳೆಯ ಪ್ಯಾನ್‌ಕೇಕ್‌ಗಿಂತ ಜಾಸ್ತಿ! ಮೊಟ್ಟೆ, ತರಕಾರಿ ಅಷ್ಟೇ ಅಲ್ವಾ? ಎಲ್ಲಿಂದ ಬಂತು ಅಷ್ಟು? ನೀವೆಲ್ಲ ಏನು ತರಿಸಿಕೊಳ್ಳುತ್ತೀರಿ?

ಗ್ರಿಡಲ್_ಮುಂದೆ_ನಿಂತವ

ಓದುವಾಗ ಕ್ಯಾಂಪಸ್ ಡೈನರ್‌ನ ಅಡುಗೆಮನೆಯಲ್ಲಿ ಎರಡು ವರ್ಷ ಬೆಳಗಿನ ಶಿಫ್ಟ್ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಮನಸ್ಸಿನಲ್ಲಿರುವ ಆಮ್ಲೆಟ್ ಎರಡು ಮೊಟ್ಟೆಯದು. ನಾವು ಮಾಡುತ್ತಿದ್ದದ್ದು ಹಾಗಲ್ಲ. ಮೊದಲೇ ಕಲಸಿಟ್ಟ ಮೊಟ್ಟೆಯನ್ನು ದೊಡ್ಡ ಸೌಟಿನಲ್ಲಿ ಸುರಿಯುತ್ತಿದ್ದೆವು, ಸುಮಾರು ನಾಲ್ಕು ಮೊಟ್ಟೆಯಷ್ಟು. ದೊಡ್ಡ ಮೊಟ್ಟೆ ಒಂದಕ್ಕೆ 70 ಕ್ಯಾಲರಿ ಅಂದರೂ 280 ಆಯಿತು. ಅಲ್ಲಿಗೆ ಪರವಾಗಿಲ್ಲ. ಅದಕ್ಕೂ ಮೊದಲು ಗ್ರಿಡಲ್ (ದೊಡ್ಡ ಚಪ್ಪಟೆ ಕಾವಲಿ) ಮೇಲೆ ಬೆಣ್ಣೆ ಬೆರೆಸಿದ ಎಣ್ಣೆ ಹಾಕುತ್ತೇವೆ, ಒಂದು ಟೇಬಲ್ ಚಮಚಕ್ಕೇ 100ರ ಮೇಲೆ. ತರಕಾರಿ ಹುರಿಯಲು ಇನ್ನೊಂದು ಸಲ. ಆಮೇಲೆ ಚೀಸ್, ಅದಕ್ಕೆ ಅಳತೆ ಇತ್ತು, ಆದರೆ ಜನ ಜಾಸ್ತಿ ಇದ್ದಾಗ ಕೈಯೇ ಅಳತೆ.

ಇನ್ನೊಂದು ವಿಷಯ. ಪ್ಯಾನ್‌ಕೇಕ್‌ಗೆ ಹೆಸರಾದ ಐಹಾಪ್ ಚೈನ್‌ನವರು ಆಮ್ಲೆಟ್ ಉಬ್ಬಲಿ ಅಂತ ಸ್ವಲ್ಪ ಪ್ಯಾನ್‌ಕೇಕ್ ಹಿಟ್ಟು ಬೆರೆಸುತ್ತಾರೆ. ಗುಟ್ಟೇನಲ್ಲ, ಅವರೇ ಮೆನುವಿನಲ್ಲಿ ಬರೆದಿದ್ದಾರೆ. ಗೋಧಿ ಆಗದವರು ಮೊದಲೇ ಕೇಳಿಕೊಳ್ಳಬೇಕು. ನನ್ನನ್ನು ಕೇಳಿದರೆ ಆಮ್ಲೆಟ್ ಆಸೆ ಬಿಡಿ, ಪೋಚ್ಡ್ ಎಗ್ ಹೇಳಿ. ಅದು ನೀರಿನಲ್ಲಿ ಬೇಯುವುದು, ಯಾರ ಕೈಯೂ ಅದಕ್ಕೆ ಎಣ್ಣೆ ಸುರಿಯಲು ಆಗುವುದಿಲ್ಲ.

ಹಳದಿ_ಪಕ್ಷ

ಹನ್ನೊಂದಕ್ಕೆ ಹಸಿವು ಯಾಕೆ ಅಂದರೆ ಎಗ್ ವೈಟ್‌ನಲ್ಲಿ ಕೊಬ್ಬೇ ಇಲ್ಲ, ಒಂದು ಬಿಳಿಯಲ್ಲಿ ಸುಮಾರು 17 ಕ್ಯಾಲರಿ, ಮೂರೂವರೆ ಗ್ರಾಂ ಪ್ರೋಟೀನ್ ಅಷ್ಟೇ, ಜೊತೆಗೆ ನಾರು ಅಂತ ಹೇಳಿಕೊಳ್ಳಲು ಆ ನಾಲ್ಕು ಚೂರು ಹಣ್ಣು, ಮತ್ತೆ ಹೊಟ್ಟೆ ಎಷ್ಟು ಹೊತ್ತು ಸುಮ್ಮನಿರಬೇಕು ನೀವೇ ಹೇಳಿ. ಹಳದಿಗೆ ಯಾಕೆ ಇಷ್ಟು ಹೆದರಿಕೆ? ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಅನ್ನುವ ಮಿತಿಯನ್ನು ಅಮೆರಿಕದ ಸರ್ಕಾರಿ ಆಹಾರ ಮಾರ್ಗಸೂಚಿಯೇ 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಹಾಗಂತ ದಿನಾ ಆರು ತಿನ್ನಿ ಅನ್ನುತ್ತಿಲ್ಲ. ಶುಗರ್ ಗಡಿಯಲ್ಲಿ ಇರುವುದರಿಂದ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಮತ್ತೆ ಆರೆಂಜ್ ಜ್ಯೂಸ್ ಕುಡಿಯುತ್ತೀರಾ? ನೀವು ಹೇಳಲಿಲ್ಲ, ಆದರೆ ಸುಮ್ನೆ ಅಂದಾಜು ಮಾಡಿದೆ. 240 ಮಿಲಿ ಲೋಟದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ.

ಶನಿವಾರದ_ತಿಂಡಿ

@ಹಳದಿ_ಪಕ್ಷ ಅಯ್ಯೋ, ದೊಡ್ಡ ಲೋಟ. ಹಣ್ಣು ಅಲ್ವಾ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಸಣ್ಣಕ್ಷರ_ಓದುವವ

ಎಲೆ ಗುರುತು ನಂಬಬೇಡಿ ಮಾರಾಯ್ರೆ, ಅದು ಅವರೇ ಹಾಕಿಕೊಂಡದ್ದು. ನಂಬುವುದಾದರೆ ಅಂಕಿ ನಂಬಿ. 20 ಅಥವಾ ಅದಕ್ಕಿಂತ ಜಾಸ್ತಿ ಶಾಖೆ ಇರುವ ಚೈನ್‌ಗಳು ಮೆನುವಿನಲ್ಲಿ ಕ್ಯಾಲರಿ ಹಾಕಲೇಬೇಕು ಅಂತ ಎಫ್‌ಡಿಎ (ಅಮೆರಿಕದ ಆಹಾರ, ಔಷಧ ಇಲಾಖೆ) ನಿಯಮ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಕೇಳಿದರೆ ಉಪ್ಪು, ಸಕ್ಕರೆ, ನಾರು, ಪ್ರೋಟೀನ್ ಎಷ್ಟು ಅಂತಲೂ ಬರಹದಲ್ಲಿ ತೋರಿಸಬೇಕು. ನಾನು ಕೇಳಿದ್ದೇನೆ. ಪಾಪ, ಆ ಹುಡುಗಿ ಒಳಗೆ ಹೋಗಿ ಹತ್ತು ನಿಮಿಷ ಹುಡುಕಿ, ಸಿರಪ್ ಅಂಟಿದ ಒಂದು ಫೈಲ್ ತಂದಳು.

ಆ ಫೈಲ್‌ನಲ್ಲಿ ಉಪ್ಪಿನ ಸಾಲು ನೋಡಿ. ದಿನಕ್ಕೆ 2300 ಮಿಲಿಗ್ರಾಂ ಸೋಡಿಯಂ ಮಿತಿ ಅನ್ನುತ್ತಾರೆ, ಟರ್ಕಿ ಕೋಳಿಯ ಬೇಕನ್ ಹಾಕಿದ 'ಲೈಟ್' ತಟ್ಟೆಯೊಂದೇ ಅದರ ಅರ್ಧ ದಾಟಿತ್ತು. ಟೇಬಲ್ ಮೇಲಿನ ಸಿರಪ್ ಆ ಲೆಕ್ಕದಲ್ಲಿ ಇದೆಯಾ ಅಂತಲೂ ಕೇಳಿ. ಮೇಪಲ್ ಸಿರಪ್ ಒಂದು ಟೇಬಲ್ ಚಮಚಕ್ಕೆ ಸುಮಾರು 50 ಕ್ಯಾಲರಿ, ಒಂದೇ ಚಮಚ ಹಾಕಿಕೊಳ್ಳುವವರನ್ನು ನಾನಂತೂ ಕಂಡಿಲ್ಲ.

ಶನಿವಾರದ_ತಿಂಡಿ

ಇವತ್ತು ಹೋಗಿ ಬಂದೆ. ಎರಡು ಪೋಚ್ಡ್ ಎಗ್, ಬೆಣ್ಣೆ ಹಚ್ಚದ ಇಡೀ ಗೋಧಿಯ ಟೋಸ್ಟ್, ಹ್ಯಾಶ್ ಬ್ರೌನ್ ಬದಲು ಟೊಮೆಟೊ, ಕಪ್ಪು ಕಾಫಿ. ಹಳದಿ ಒಡೆದು ಟೋಸ್ಟ್ ಮೇಲೆ ಇಳಿಯಿತು, ಮೆಣಸಿನಪುಡಿ ಉದುರಿಸಿದೆ, ಬೆಣ್ಣೆ ನೆನಪಾಗಲೇ ಇಲ್ಲ. ಟೊಮೆಟೊ ಮಾತ್ರ ಫ್ರಿಜ್‌ನಿಂದ ನೇರ ತಟ್ಟೆಗೆ, ಹಲ್ಲು ಜುಂ ಅಂದಿತು. ಸಣ್ಣ ಮಗಳು ಬಿಟ್ಟ ಅರ್ಧ ಪ್ಯಾನ್‌ಕೇಕ್ ನಾನೇ ಮುಗಿಸಿದೆ, ಬೈಯಬೇಡಿ, ಸಿರಪ್ ಇಲ್ಲದೆ. ಈಗ ಒಂದು ಗಂಟೆ, ಬಿಸ್ಕತ್ ಡಬ್ಬ ಹಾಗೇ ಇದೆ. ಆದರೆ ಹ್ಯಾಶ್ ಬ್ರೌನ್ ಬಿಟ್ಟು ಟೊಮೆಟೊ ತೆಗೆದುಕೊಂಡದ್ದಕ್ಕೆ ಬಿಲ್‌ನಲ್ಲಿ ಎರಡು ಡಾಲರ್ ಜಾಸ್ತಿ ಹಾಕಿದ್ದಾರೆ, ಇದಕ್ಕೇನಾದರೂ ಉಪಾಯ ಇದ್ದರೆ ಹೇಳಿ.