ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ನರಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರಾಯಚೂರಿನಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನಾವು ಹೇಳದೆಯೇ ಹೃದಯ, ಕರುಳು, ಬೆವರಿನ ಗ್ರಂಥಿಗಳನ್ನು ನಡೆಸುವ ನರಗಳ ಪಾಠ. ಒಟ್ಟು ವ್ಯವಸ್ಥೆಗೆ ‘ಸ್ವಾಯತ್ತ ನರಮಂಡಲ’ ಸಾಕು. ತೊಡಕಿರೋದು ಅದರ ಎರಡು ಕವಲುಗಳ ಹೆಸರಲ್ಲಿ. ಅನುವೇದಕ, ಪರಾನುವೇದಕ ಅಂತ ಕೊಟ್ಟರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಯಾವುದು ಏನು ಮಾಡುತ್ತೆ ಅಂತ ಕೇಳಿದರೆ ಅದಲುಬದಲು.

ಕೆಲವರು ‘ಒತ್ತಡದ ನರ’, ‘ವಿಶ್ರಾಂತಿಯ ನರ’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಗಾಬರಿಯಾದಾಗ ಸಿಂಪಥೆಟಿಕ್ ಜೋರಾಗೋದು ನಿಜ. ಎದೆ ಡವಡವ ಅನ್ನೋದು, ಬಾಯಿ ಒಣಗೋದು, ಮೈ ಜುಮ್ಮನ್ನೋದು, ಕಣ್ಣಿನ ಪಾಪೆ ಅಗಲವಾಗೋದು, ಹೊಟ್ಟೆಯ ಕೆಲಸ ನಿಧಾನವಾಗೋದು, ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಬಿಡೋದು ಎಲ್ಲ ಅದರಿಂದಲೇ. ಆದರೆ ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲಿ ಬೇವಿನ ಮರದ ಕೆಳಗೆ ನೆಮ್ಮದಿಯಾಗಿ ಮಲಗಿದವರ ಬೆನ್ನೂ ಬೆವರಲ್ಲಿ ತೊಯ್ದಿರುತ್ತದೆ ಅಲ್ವಾ? ಬೆವರಿಸೋದೂ ಸಿಂಪಥೆಟಿಕ್ ನರವೇ. ಅಲ್ಲಿ ಒತ್ತಡ ಎಲ್ಲಿದೆ? ಅವರು ಎದ್ದು ನಿಂತ ಕೂಡಲೇ ರಕ್ತನಾಳ ಬಿಗಿದು ತಲೆ ತಿರುಗದ ಹಾಗೆ ನೋಡಿಕೊಳ್ಳೋದೂ ಅದೇ.

ಇನ್ನೊಂದು ಕವಲು ನೋಡಿ. ನರಗಳ ಹಿಡಿತವೇ ಇಲ್ಲದಿದ್ದರೆ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ ಅದು 70ರ ಆಸುಪಾಸಿಗೆ ಬರೋದು ಪ್ಯಾರಾಸಿಂಪಥೆಟಿಕ್ ಕವಲಿನ ಮುಖ್ಯ ನರವಾದ ವೇಗಸ್ ಲಗಾಮು ಹಿಡಿದಿರುವುದರಿಂದ. ಅಂದರೆ ನಮಗೆ ವಿಶ್ರಾಂತಿ ಇರುವಾಗಲೇ ಆ ನರಕ್ಕೆ ಕೆಲಸ ಜಾಸ್ತಿ. ‘ಚುರುಕು ನರ’, ‘ನಿಧಾನ ನರ’ ಅನ್ನೋಣವೇ ಅಂದರೆ ಕರುಳಿನ ಹತ್ತಿರ ತಲೆಕೆಳಗಾಗುತ್ತದೆ, ಕರುಳನ್ನು ಚುರುಕು ಮಾಡೋದು ಇದೇ ವೇಗಸ್.

ಹಾಗಾಗಿ ಕೆಲಸ ಬಿಟ್ಟು ಜಾಗ ಹಿಡಿಯೋದು ಒಳ್ಳೆಯದು ಅನ್ನಿಸುತ್ತಿದೆ. ಸಿಂಪಥೆಟಿಕ್ ನರಗಳು ಎದೆಯ ಹಿಂಭಾಗದಿಂದ ಟೊಂಕದವರೆಗಿನ ಬೆನ್ನುಹುರಿಯಿಂದ ಹೊರಡುತ್ತವೆ. ಪ್ಯಾರಾಸಿಂಪಥೆಟಿಕ್ ನರಗಳು ಮಿದುಳಿನ ಕಾಂಡದಿಂದ ಮತ್ತು ಬೆನ್ನುಹುರಿಯ ಬುಡದಿಂದ. 1905ರಲ್ಲಿ ಈ ಎರಡನೆಯ ಹೆಸರಿಟ್ಟ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಲ್ಯಾಂಗ್ಲಿ ಕೂಡ ‘ಪ್ಯಾರಾ’ ಅಂತ ‘ಪಕ್ಕದ್ದು’ ಅನ್ನುವ ಪದವನ್ನೇ ಜೋಡಿಸಿದರು.

‘ನಡುಬೆನ್ನಿನ ನರಗಳು’, ‘ತಲೆ-ಬುಡದ ನರಗಳು’ ಅಂದರೆ ಹೇಗೆ? ‘ಬುಡ’ ನನಗಿನ್ನೂ ಸರಿ ಕೂರುತ್ತಿಲ್ಲ. ಟೊಂಕದ ಕೆಳಗೆ, ಕೂತಾಗ ನೆಲಕ್ಕೆ ಹತ್ತಿರ ಬರುವ ಬೆನ್ನುಮೂಳೆಯ ಭಾಗಕ್ಕೆ ಬಳ್ಳಾರಿ, ಕೊಪ್ಪಳದ ಕಡೆ ಮನೆಯಲ್ಲಿ ಹಿರಿಯರು ಏನನ್ನುತ್ತಾರೆ, ದಯವಿಟ್ಟು ಕೇಳಿ ತಿಳಿಸಿ.